ರಾಯಬಾಗದ ಡ್ರೈವರನ ಪಥ್ಯ

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ನನ್ನ ಕೋಣೆಯ ಬಾಗಿಲಿಗೆ ‘ಆಹಾರ ತಜ್ಞೆ’ ಎಂಬ ಹಲಗೆ ಹಾಕಿದ ದಿನ ಮೊದಲು ಒಳಗೆ ಬಂದವಳು ಒಬ್ಬ ಮುದುಕಿ. ಸೆರಗಿನಿಂದ ಮುಖ ಒರೆಸಿಕೊಂಡು ನೆಲದ ಮೇಲೆ ಕುಳಿತು, “ಊಟ ಇಲ್ಲೇ ನೀಡ್ತೀರೇನವ್ವಾ?” ಎಂದಳು.

“ಇಲ್ಲ ಅಜ್ಜಿ, ಏನ್ ಉಣ್ಣಬೇಕು ಅಂತ ಹೇಳ್ತೀನಿ.”

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅದನ್ನ ಹೇಳಾಕ ನಿನಗ ಪಗಾರ ಕೊಡ್ತಾರ?” ಎಂದು ಎದ್ದು ಹೋದಳು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಆ ಮುದುಕಿಯ ಮಾತನ್ನೇ. ಜನ ಹುಟ್ಟಿದಾಗಿನಿಂದ ಉಣ್ಣುತ್ತ ಬಂದಿರುತ್ತಾರೆ. ಅವರಿಗೆ ಊಟದ ಬಗ್ಗೆ ಹೇಳಲು ನೀನು ಯಾರು ಎಂಬ ಪ್ರಶ್ನೆ ಪ್ರತಿಯೊಬ್ಬ ರೋಗಿಯ ಕಣ್ಣಲ್ಲೂ ಇರುತ್ತದೆ. ಅದಕ್ಕೆ ಸಿಟ್ಟಾಗಬಾರದು. ಉತ್ತರ ಕೊಡಲು ಕಲಿಯಬೇಕು. ನಾನು ಕಲಿತೆ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಗೃಹವಿಜ್ಞಾನ ಓದಿ ಬಂದಿದ್ದೆ. ಆಗ ನಮ್ಮ ಕಡೆ ತೂಕ ಇಳಿಸಬೇಕೆಂದು ತಾನಾಗಿ ಬರುವವರು ಇರಲೇ ಇಲ್ಲ. ಮೈ ತುಂಬಿಕೊಂಡಿದ್ದರೆ ಮನೆತನ ಚೆನ್ನಾಗಿದೆ ಎಂದು ಲೆಕ್ಕ. ಮೊಣಕಾಲು ಹಿಡಿದಾಗ, ಆಪರೇಶನ್‌ಗೆ ಮುಂಚೆ, ಬಿ.ಪಿ. ಏರಿದಾಗ ಮಾತ್ರ ನಮ್ಮ ದೊಡ್ಡ ಡಾಕ್ಟರು ಇನಾಮದಾರರು ಚೀಟಿ ಬರೆದು ನನ್ನ ಕಡೆ ಕಳಿಸುತ್ತಿದ್ದರು. ಕೈಗುಣ ಇದ್ದ ಮನುಷ್ಯ, ರೋಗಿಗಳಿಗಾಗಿ ಊಟ ಬಿಟ್ಟು ಓಡುವವರು. ಆದರೆ ತೂಕದ ವಿಷಯದಲ್ಲಿ ಅವರದು ಒಂದೇ ಮಂತ್ರ: “ಅರ್ಧ ಉಣ್ಣು, ಎಣ್ಣೆ ತುಪ್ಪ ಬಿಡು.” ಮುಂಬೈಯಿಂದ ತಂದ ಒಂದು ಅಚ್ಚಾದ ಹಾಳೆಯನ್ನೂ ನನ್ನ ಮೇಜಿನ ಮೇಲೆ ಇಟ್ಟಿದ್ದರು. ಬೆಳಿಗ್ಗೆ ಸುಟ್ಟ ಬ್ರೆಡ್ಡು, ಮೊಟ್ಟೆಯ ಬಿಳಿ. ಮಧ್ಯಾಹ್ನ ಬೇಯಿಸಿದ ಮೀನು. ರಾತ್ರಿ ಆಲೂಗಡ್ಡೆ, ಸೂಪು.

ಆ ಹಾಳೆಯನ್ನು ನಾನು ಮೊದಲು ಕೊಟ್ಟದ್ದು ಐನಾಪುರದ ಪದ್ಮಕ್ಕನಿಗೆ. ಜೈನರ ಮನೆಯ ಹೆಂಗಸು, ನಲವತ್ತರ ಸಮೀಪ, ಮೊಣಕಾಲು ನೋವು. ಆಕೆ ಎರಡು ಸಾಲು ಓದಿ ಹಾಳೆಯನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿದಳು. “ಬಾಯಾರ, ಇದನ್ನ ಓದಿದ್ರೂ ನನಗ ದೋಷ ಹತ್ತತೈತಿ.”

ಮೊಟ್ಟೆ ಮೀನು ಬಿಡಿ, ಆಕೆ ಆಲೂಗಡ್ಡೆ, ಉಳ್ಳಾಗಡ್ಡಿಯನ್ನೂ ಮುಟ್ಟುವವಳಲ್ಲ. ಹೊತ್ತು ಮುಳುಗಿದ ಮೇಲೆ ನೀರು ಕೂಡ ಇಲ್ಲ. ಕಾಳಿಗೆ ಮೊಳಕೆ ಬಂದರೆ ಬೇಡ, ಬೇಳೆಯ ಜೊತೆ ಹಸಿ ಮಜ್ಜಿಗೆ ಬೇಡ. ನಾನು ಹಾಳೆಯನ್ನು ಮಡಚಿ ಖಾನೆಯೊಳಗೆ ಹಾಕಿದೆ. “ಹಂಗಾದ್ರ ನೀವ ಹೇಳ್ರಿ, ನಿನ್ನೆ ಏನೇನು ಉಂಡ್ರಿ?” ಎಂದೆ. ತೂಕ ಇಳಿಯಲೆಂದು ಆಕೆ ವಾರಕ್ಕೆ ಎರಡು ಉಪವಾಸ ಹಿಡಿದಿದ್ದಳು. ಉಪವಾಸದ ದಿನ ತುಪ್ಪದಲ್ಲಿ ಹುರಿದ ಸಾಬೂದಾಣಿ, ಬಾಳೆಹಣ್ಣು, ಸಕ್ಕರೆ ಹಾಲು. ಉಳಿದ ದಿನ ಜೋಳದ ಭಕ್ಕರಿ, ಚಟ್ನಿ, ಒಂದು ಸೌಟು ತಿಳಿ ಸಾರು. ಇಡೀ ವಾರದಲ್ಲಿ ಕಾಳು ಎಂಬುದು ಆಕೆಯ ಬಾಯಿಗೆ ಬಿದ್ದದ್ದೇ ಕಡಿಮೆ.

ಅವತ್ತೇ ನಾನು ಗ್ರಾಂ ಲೆಕ್ಕ ಬಿಟ್ಟೆ. ಆಕೆಯ ಮನೆಯ ವಾಟಗಾ, ಅಂದರೆ ಪಲ್ಲೆ ಹಾಕಿಕೊಳ್ಳುವ ಆ ಸಣ್ಣ ಬಟ್ಟಲು, ಅದೇ ನನ್ನ ಅಳತೆಯಾಯಿತು. ನೆನೆಸಿ ಬೇಯಿಸಿದ ಹೆಸರು ಇಲ್ಲವೇ ಮಡಿಕೆ ಕಾಳು ಎರಡೂ ಊಟಕ್ಕೆ ಒಂದೊಂದು ವಾಟಗಾ. ಸೊಪ್ಪು, ಕಾಯಿಪಲ್ಲೆ ಎರಡು ವಾಟಗಾ. ಭಕ್ಕರಿ ಒಂದೂವರೆ. ತುಪ್ಪ ಚಮಚೆಯಲ್ಲಿ ಅಳೆದು. ಮಜ್ಜಿಗೆ ಬೇರೆ ಹೊತ್ತಿನಲ್ಲಿ. ಹೊತ್ತು ಮುಳುಗುವ ಮೊದಲೇ ಉಣ್ಣುವುದು ಆಕೆಗೆ ಮೊದಲೇ ಗೊತ್ತಿತ್ತು, ಅದನ್ನು ಕಲಿಸುವ ಕಷ್ಟ ನನಗೆ ತಪ್ಪಿತು. ದೀಪಾವಳಿಯ ಹೊತ್ತಿಗೆ ಆಕೆ ಬಂದು ರವಿಕೆಯ ತೋಳು ಮುಂದೆ ಮಾಡಿ, “ಜಂಪರ ಎಲ್ಲಾ ಸಡ್ಲ ಆಗ್ಯಾವ್ರಿ, ಮೊಣಕಾಲ ಮಾತ ಕೇಳಾಕತ್ತಾವ” ಎಂದಳು. ಮುಂಬೈಯ ಹಾಳೆ ಮತ್ತೆ ಖಾನೆಯಿಂದ ಹೊರಬರಲಿಲ್ಲ.

ಈಗ ದಸ್ತಗೀರಣ್ಣನ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸ ಏನೆಂದು ನನಗೆ ಪೂರ್ತಿ ತಿಳಿಸಿದ್ದು ಅವನ ಪ್ರಕರಣ.

ತೊಂಬತ್ತರ ದಶಕ ಶುರುವಾಗಿತ್ತು. ಆಸ್ಪತ್ರೆಯವರು ನನ್ನನ್ನು ವಾರಕ್ಕೊಮ್ಮೆ ನಿಪ್ಪಾಣಿಗೆ, ಒಮ್ಮೆ ಅಥಣಿಗೆ, ತಿಂಗಳಿಗೆರಡು ಸಲ ರಾಯಬಾಗಕ್ಕೆ ಕಳಿಸುತ್ತಿದ್ದರು. ಬಸ್ಸೇ ಗತಿ. ಹಾಗಾಗಿ ಡ್ರೈವರು ಕಂಡಕ್ಟರುಗಳೆಲ್ಲ ಪರಿಚಯ. ದಸ್ತಗೀರಣ್ಣ ರಾಯಬಾಗದವನು, ನಲವತ್ತೈದು ದಾಟಿದ್ದ. ಅಗಲ ಭುಜ, ಅದಕ್ಕಿಂತ ಅಗಲ ಹೊಟ್ಟೆ, ಸ್ಟಿಯರಿಂಗಿಗೂ ಹೊಟ್ಟೆಗೂ ನಡುವೆ ಕೈ ತೂರುವಷ್ಟು ಜಾಗವಿರಲಿಲ್ಲ. ಗಾಡಿ ಮಾತ್ರ ಹಾಲಿನ ಪಾತ್ರೆ ಹೊತ್ತವರ ಹಾಗೆ ಓಡಿಸುತ್ತಿದ್ದ. ಕಬ್ಬಿನ ಗಾಡಿಗಳ ಸಾಲು ಎಷ್ಟು ಉದ್ದವಿದ್ದರೂ ಬೈಗುಳ ಇಲ್ಲ, ಹಾರ್ನಿನ ಅಬ್ಬರ ಇಲ್ಲ. ಬಸುರಿಯರು ಅವನ ಗಾಡಿ ಬರುವವರೆಗೂ ಕಾದು ಹತ್ತುತ್ತಿದ್ದರು.

ಅವನು ಏನು ತಿನ್ನುತ್ತಾನೆಂದು ಕೇಳುವ ಅಗತ್ಯವೇ ನನಗಿರಲಿಲ್ಲ. ಎಲ್ಲ ಕಣ್ಣಮುಂದೆಯೇ. ನಿಪ್ಪಾಣಿಯಲ್ಲಿ ಮಿಸಳ್, ಅದರ ಮೇಲೆ ಕೆಂಪಗೆ ತೇಲುವ ಎಣ್ಣೆಯ ತರ್ರಿ, ಜೊತೆಗೆ ನಾಲ್ಕು ಪಾವು. ಅಥಣಿಯಲ್ಲಿ ಮಿರ್ಚಿ ಭಜಿ. ಕಾಗವಾಡದ ಕಡೆ ಬೆಲ್ಲದ ಗಾಣ ಶುರುವಾದರೆ ರೈತರು ಗಾಡಿ ನಿಲ್ಲಿಸಿ ಬಿಸಿ ಬೆಲ್ಲ, ಕಬ್ಬಿನ ಹಾಲು ಕೊಡುವರು. ಪ್ರತಿ ನಿಲ್ದಾಣದಲ್ಲಿ ಚಹಾ, ಸಕ್ಕರೆ ಎಷ್ಟೆಂದರೆ ಚಮಚೆ ನಿಲ್ಲಬೇಕು.

ಆ ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಬಸ್ ಇಲಾಖೆಯ ವೈದ್ಯರು ಅವನನ್ನು ಎಚ್ಚರಿಸಿದರು. ಬಿ.ಪಿ. ವಿಪರೀತ, ತೂಕ ವಿಪರೀತ. ತೂಕಕ್ಕೆ ಒಂದು ಅಂಕಿ ಹೇಳಿ ಎರಡು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಸುಧಾರಿಸದಿದ್ದರೆ ಸ್ಟಿಯರಿಂಗ್ ಬಿಟ್ಟು ಡಿಪೋದೊಳಗೆ ಬೇರೆ ಕೆಲಸ. ಅವನು ಇನಾಮದಾರರ ಹತ್ತಿರ ಓಡಿಬಂದ. ಡಾಕ್ಟರು ಬಿ.ಪಿ. ಗುಳಿಗೆ ಕೊಟ್ಟು ತಮ್ಮ ಮಂತ್ರವನ್ನೂ ಹೇಳಿದರು. ಅವತ್ತು ನಾನು ಅಥಣಿಗೆ ಹೋಗಿದ್ದೆ. ಅವನು ಗುಳಿಗೆ, ಮಂತ್ರ ಎರಡನ್ನೇ ತೆಗೆದುಕೊಂಡು ಮನೆಗೆ ಹೋದ.

ಕೆಲವು ದಿನಗಳ ನಂತರ ನಿಪ್ಪಾಣಿಯಿಂದ ಚಿಕ್ಕೋಡಿಗೆ ಅವನ ಗಾಡಿಯಲ್ಲೇ ಬರುತ್ತಿದ್ದೆ. ಉರಿಬಿಸಿಲು, ನಿಲ್ಲಲೂ ಜಾಗವಿಲ್ಲದಷ್ಟು ಜನ. ಊರು ಸಮೀಪಿಸಿ ಇಳಿಜಾರು ಶುರುವಾಗುವ ಮೊದಲು ಗಾಡಿ ಸಾವಕಾಶವಾಯಿತು. ಯಾರೋ ಕೈ ಮಾಡಿರಬೇಕು ಎಂದುಕೊಂಡೆ. ಗಾಡಿ ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ದಸ್ತಗೀರಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿ, ಸ್ಟಿಯರಿಂಗಿನ ಮೇಲೆ ತಲೆ ಇಟ್ಟ.

ನಾನು ಜನರನ್ನು ಸರಿಸಿಕೊಂಡು ಮುಂದೆ ಹೋದೆ. ಅಂಗಿ ಬೆವರಿನಿಂದ ತೊಯ್ದಿತ್ತು. ಕಂಡಕ್ಟರ್ ನೀರು ತಂದ. ಇಬ್ಬರು ಸೇರಿ ಅವನನ್ನು ಇಳಿಸಿ ಬೇವಿನ ಮರದ ನೆರಳಿಗೆ ಮಲಗಿಸಿದರು.

“ಬೆಳಿಗ್ಗೆ ಏನ್ ತಿಂದ್ರಿ, ದಸ್ತಗೀರಣ್ಣಾ?”

“ಸವತಿಕಾಯಿ.”

“ನಿನ್ನೆ ರಾತ್ರಿ?”

“ಸವತಿಕಾಯಿ.”

“ಮೊನ್ನೆ?”

ಅವನು ಕಣ್ಣು ಮುಚ್ಚಿಕೊಂಡೇ ಯೋಚಿಸಿದ. “ಮೊನ್ನೆ ಪೇರಲಹಣ್ಣೂ ತಿಂದಿದ್ನ್ರಿ.”

ಗುಳಿಗೆ ಮಾತ್ರ ತಪ್ಪದೆ ನುಂಗಿದ್ದ. ಬರಿ ಹೊಟ್ಟೆ, ಬಿ.ಪಿ. ಗುಳಿಗೆ, ಆ ಬಿಸಿಲು. ಕಣ್ಣು ಕತ್ತಲೆ ಬರದೆ ಇನ್ನೇನು ಬಂದೀತು? ನನ್ನ ಡಬ್ಬಿಯಲ್ಲಿ ಉಳಿದಿದ್ದ ಭಕ್ಕರಿ, ಹೆಸರುಕಾಳಿನ ಪಲ್ಲೆ ಮುಂದಿಟ್ಟೆ. ಮೊದಲ ತುತ್ತಿಗೆ ಸಂಕೋಚಪಟ್ಟ, ಆಮೇಲೆ ಡಬ್ಬಿ ಖಾಲಿ ಮಾಡಿದ. ಸ್ವಲ್ಪ ಹೊತ್ತಿಗೆ ಎದ್ದು ಕುಳಿತು ಗಾಡಿಯ ಕಡೆ ನೋಡಿದ.

“ಈಗ ಆರಾಮ ಆತ್ರಿ. ಊರ ಇಲ್ಲೇ ಐತಿ, ಹೊಡಕೊಂಡ ಹೋಗ್ತೀನಿ.”

“ಬ್ಯಾಡ.”

“ಬಾಯಾರ, ರಿಪೋರ್ಟ್ ಹೋತಂದ್ರ ನನ್ನ ನೌಕರಿ ಮುಗೀತು.”

“ಮುಂದ ಇಳಿಜಾರ ಐತಿ, ಒಳಗ ಸಣ್ಣ ಹುಡುಗ್ರು ಅದಾವ. ನೀವ ಗಾಡಿ ಏರಿದ್ರ ನಾನ ಗಾಡಿ ಮುಂದ ನಿಂದರ್ತೀನಿ.”

ನನ್ನ ದನಿಯಲ್ಲಿ ಅನುಮಾನವಿರಲಿಲ್ಲ, ಅದು ಅವನಿಗೂ ತಿಳಿಯಿತು. ಹೊತ್ತಾಯಿತೆಂದು ಕೂಗಾಡುತ್ತಿದ್ದವರನ್ನು ಕಂಡಕ್ಟರ್ ಹಿಂದೆ ಬಂದ ಗಾಡಿಗೆ ಹತ್ತಿಸಿದ. ನಾನು ದಸ್ತಗೀರಣ್ಣನಿಗೆ ಒಂದೇ ಮಾತು ಹೇಳಿದೆ: “ಬ್ಯಾರೆಯವರು ಹೇಳೂ ಮೊದಲ ನೀವ ಹೋಗಿ ಹೇಳ್ರಿ. ಗಾಡಿ ಸುರಕ್ಷಿತ ನಿಲ್ಲಿಸೀನಿ, ಆರಾಮಿಲ್ಲ, ರಜಾ ಬೇಕು ಅನ್ರಿ.” ಅವನು ಹಾಗೆಯೇ ಮಾಡಿದ. ಡಿಪೋದ ಮೇಲಧಿಕಾರಿ ಒಳ್ಳೆಯವರು, ಗಡುವು ಮುಗಿಯುವವರೆಗೂ ಸಿಕ್ ಲೀವ್ ಕೊಟ್ಟರು.

ಮರುದಿನ ನಾನು ಇನಾಮದಾರರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ನಾ ಅರ್ಧ ಉಣ್ಣು ಅಂದೆ, ಉಪಾಸ ಬೀಳು ಅನ್ನಲಿಲ್ಲ.”

“ಯಾವ ಅರ್ಧ ಅಂತ ನೀವ ಹೇಳಲಿಲ್ರಿ ಸರ್. ಅಂವಗ ಭಕ್ಕರಿ ಕಡಿಮಿ ಆಗಬೇಕು, ಕಾಳು ಹೆಚ್ಚಾಗಬೇಕು. ಎಣ್ಣಿ ಪೂರ್ತಿ ಬಿಡೋದಲ್ಲ, ಅಳೀಬೇಕು. ಪ್ರೋಟೀನ್ ಇಲ್ಲದ ತೂಕ ಇಳಿಸಿದ್ರ ಕೊಬ್ಬಿನ ಜೋಡಿ ತೋಳಿನ ಶಕ್ತೀನೂ ಹೋಗತೈತಿ. ಗಾಡಿ ಹೊಡಿಯೋ ಮನಷ್ಯಾ ಅಂವ.”

“ಪ್ರೋಟೀನ್ ಅಂತೀರಿ. ಬಾದಾಮಿ, ಹಾಲು, ಮಾಂಸ ದಿನಾ ಎಲ್ಲಿಂದ ತರ್ತಾನ ಅಂವ?”

“ಹುರಳಿ ಐತಲ್ರಿ.”

ಅವರು ನಕ್ಕುಬಿಟ್ಟರು. “ಹುರಳಿ ಎತ್ತಿಗೆ ಹಾಕ್ತಾರ.”

“ಎತ್ತು ಎಷ್ಟ ಎಳೀತಾವ ನೋಡ್ರಿ ಮತ್ತ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: “ಗುಳಿಗಿ ನಾ ಕಡಿಮಿ ಮಾಡಿ ನೋಡ್ಕೋತೀನಿ. ಊಟ ನಿಮ್ಮದು. ನಾ ನಡಬರಕ ಬಾಯಿ ಹಾಕಂಗಿಲ್ಲ.” ಮೇಲಧಿಕಾರಿಯ ಬಾಯಿಂದ ಇಂಥ ಮಾತು ಬಂದಾಗ ಮತ್ತೆ ವಾದಿಸಬೇಡಿ. ಎದ್ದು ಬಂದು ಕೆಲಸ ಶುರು ಮಾಡಿ.

ದಸ್ತಗೀರಣ್ಣನನ್ನು ಎದುರಿಗೆ ಕೂಡಿಸಿಕೊಂಡೆ. ಭಕ್ಕರಿ, ಅನ್ನ, ಸಕ್ಕರೆ ಓಡಲು ಬೇಕು. ಕಾಳು, ಬೇಳೆ, ಕೋಳಿಯ ತತ್ತಿ ಮೈಯನ್ನು ದುರಸ್ತಿ ಮಾಡಲು ಬೇಕು. ಎಣ್ಣೆಯೂ ಬೇಕು, ಸ್ವಲ್ಪ ಸಾಕು ಎಂದು ಬಿಡಿಸಿ ಹೇಳಿದೆ. ಅವನ ಮುಖ ಅರಳಿತು.

“ಅಂದ್ರ ಭಕ್ಕರಿ ಡೀಸೆಲ್. ಬ್ಯಾಳಿ ಗ್ಯಾರೇಜಿನ ಸಾಮಾನು. ಎಣ್ಣಿ ಇಂಜಿನ್ ಆಯಿಲ್. ಆಯಿಲ್ ಬಿಟ್ರ ಇಂಜಿನ್ ಸೀಜ್ ಆಗತೈತಿ, ಹೌದಿಲ್ರಿ?”

“ಹೌದು. ನೀವ ಇಷ್ಟ ದಿನ ಟಾಕಿ ತುಂಬಿ ಚೆಲ್ಲೂವಷ್ಟು ಡೀಸೆಲ್ ಹಾಕೀರಿ, ಸಾಮಾನ ಬದಲಿ ಮಾಡೇ ಇಲ್ಲ.”

“ಮತ್ತ ಮಿರ್ಚಿ ಭಜಿ?”

“ಅದನ್ನ ಕೇಳಬ್ಯಾಡ್ರಿ.”

ಐದು ಭಕ್ಕರಿ ಎರಡಾಯಿತು. ಎರಡೂ ಊಟಕ್ಕೆ ಒಂದು ವಾಟಗಾ ತುಂಬ ಗಟ್ಟಿ ಬೇಳೆ ಇಲ್ಲವೇ ಹುರಳಿ, ತಾಟಿನ ಅರ್ಧ ಸೊಪ್ಪು ಕಾಯಿಪಲ್ಲೆ. ಬೆಳಿಗ್ಗೆ ಬೇಯಿಸಿದ ತತ್ತಿ. ಶುಕ್ರವಾರ ಮಾಂಸ ಇರಲಿ, ತರ್ರಿ ತೆಗೆದು. ಒಗ್ಗರಣೆಗೆ ಚಮಚೆ ಲೆಕ್ಕ. ಚಹಾ ಎರಡು, ಸಕ್ಕರೆ ಚಿಟಿಕೆ. ಸಂಜೆ ಕೆರೆಯವರೆಗೆ ನಡಿಗೆ. ಹಸಿವಾದರೆ ಮಜ್ಜಿಗೆ, ಹುರಿದ ಕಡಲೆ. ಕಾಳು ಹೊಟ್ಟೆ ಹಿಡಿಯುತ್ತದೆ, ಭಜಿಯ ಕನಸು ತಾನಾಗಿ ಕಡಿಮೆಯಾಗುತ್ತದೆ ಎಂದೆ. ಹಾಗೆಯೇ ಆಯಿತು. ತಿಂಗಳೊಳಗೆ ತೂಕ ಇಳಿಯತೊಡಗಿತು, ಬಿ.ಪಿ. ದಾರಿಗೆ ಬಂತು. ಅವನು ರಾಯಬಾಗದ ಗಲ್ಲಿಯಲ್ಲೆಲ್ಲ ನನ್ನ ಹೆಸರು ಹೇಳಿಕೊಂಡು ತಿರುಗುತ್ತಿದ್ದ.

ಮುಂದಿನ ಸಲ ರಾಯಬಾಗಕ್ಕೆ ಹೋದಾಗ ಅವನು ಬಿಡಲಿಲ್ಲ, ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಶಮಶಾದ್ ಭಾಬಿ ಬಾಗಿಲಿಗೆ ಬಂದಳು. ಸಣಕಲು ಹೆಂಗಸು, ನಗುಮುಖ. ಊಟದ ಹೊತ್ತು. ದಸ್ತಗೀರಣ್ಣನಿಗೆ ನಾನು ಹೇಳಿದ ಅಳತೆಯಲ್ಲೇ ನೀಡಿದಳು, ಒಂದು ಕಾಳು ಕಡಿಮೆಯಿಲ್ಲ. ಕಾಲೇಜಿನಿಂದ ಬಂದ ಇಬ್ಬರು ಗಂಡುಮಕ್ಕಳಿಗೆ ನೀಡಿದಳು. ನನಗೆ ನೀಡಿದಳು. ಆಮೇಲೆ ನಾನು ಕೈ ತೊಳೆಯಲು ಅಡುಗೆಮನೆಗೆ ಹೋದೆ. ಬೇಳೆಯ ಪಾತ್ರೆಯಲ್ಲಿ ಬೇಳೆ ಇರಲಿಲ್ಲ, ತಿಳಿನೀರು ಇತ್ತು. ಅದಕ್ಕೆ ಖಾರದ ಪುಡಿ ಹಾಕಿ ಭಕ್ಕರಿ ಮುರಿಯುತ್ತಿದ್ದ ಭಾಬಿ ನನ್ನನ್ನು ಕಂಡು ಗೋಡೆ ಹಿಡಿದು ಎದ್ದಳು. ಎದ್ದವಳು ಒಂದು ಕ್ಷಣ ಹಾಗೆಯೇ ನಿಂತಳು, ತಲೆ ತಿರುಗುವುದು ನಿಲ್ಲಲಿ ಎಂದು ಕಾಯುವವರ ಹಾಗೆ.

“ನೀವ ಏನ್ ಉಣ್ತೀರಿ ಭಾಬಿ?”

“ನಂದೇನ್ರಿ ಬಾಯಾರ, ಇದ್ದದ್ದು.”

“ತತ್ತಿ?”

“ಅವ್ರಿಗೆ ನೀವ ಹೇಳೀರಲ್ರಿ. ನಾಲ್ಕ ಕೋಳಿ ಅದಾವ, ಅವ್ರಿಗೆ ಹುಡುಗ್ರಿಗೆ ಆಗತೈತಿ.”

ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. ಹೊರಗೆ ಬಂದು ದಸ್ತಗೀರಣ್ಣನಿಗೆ, “ನಾಳೆ ಭಾಬೀನ ಕರಕೊಂಡ ಚಿಕ್ಕೋಡಿಗೆ ಬರ್ರಿ” ಎಂದಷ್ಟೇ ಹೇಳಿದೆ.

ರಕ್ತ ಪರೀಕ್ಷೆಯಾಯಿತು. ಇನಾಮದಾರರು ರಿಪೋರ್ಟು ನೋಡಿ ಹುಬ್ಬು ಏರಿಸಿದರು. ಅವಳಿಗೆ ರಕ್ತ ಕಡಿಮೆ ಇದ್ದದ್ದು ನಿನ್ನೆ ಮೊನ್ನೆಯದಲ್ಲ, ಆದರೆ ಈ ತಿಂಗಳು ಅದನ್ನು ಇನ್ನೂ ಕೆಳಗೆ ತಳ್ಳಿತ್ತು. ಕಬ್ಬಿಣಾಂಶದ ಗುಳಿಗೆ ಬರೆದರು. ನಾನು ಗಂಡ ಹೆಂಡತಿ ಇಬ್ಬರನ್ನೂ ನನ್ನ ಕೋಣೆಗೆ ಕರೆದು, ಪಾತ್ರೆಯ ತಳದಲ್ಲಿ ಕಂಡದ್ದನ್ನು ಹೇಳಿದೆ.

ದಸ್ತಗೀರಣ್ಣ ತೊಡೆಯ ಮೇಲಿನ ಟೊಪ್ಪಿಗೆಯನ್ನು ಮಡಚುತ್ತ ಬಿಚ್ಚುತ್ತ ಕುಳಿತ. ಕೊನೆಗೆ, “ಅಂದ್ರ ಇಷ್ಟ ದಿನ ನಾ ಆಕಿ ಪಾಲ ತಿಂದೇನ್ರಿ?” ಎಂದ.

“ಯಾಕ ಹಂಗ ಅಂತೀರಿ, ನಾನ ನೀಡೀನಿ” ಎಂದಳು ಭಾಬಿ.

“ಗೊತ್ತಿಲ್ಲದ ತಿಂದೀರಿ,” ನಾನು ಹೇಳಿದೆ, “ಇನ್ನ ಗೊತ್ತಾತಲ್ಲ. ಬ್ಯಾಳಿ ಒಂದ ಹಿಡಿ ಹೆಚ್ಚು ಇಡ್ರಿ. ಹುರಳಿ ಹೆಚ್ಚು ತರ್ರಿ, ಅದಕ್ಕ ಬಡತನ ಅಡ್ಡ ಬರಂಗಿಲ್ಲ. ಪಾತ್ರೆ ಇಳಿಸಿದ ಕೂಡಲೆ ಮೊದಲ ಭಾಬಿ ವಾಟಗಾ ತುಂಬಿ ಬದಿಗಿಡ್ರಿ, ಆಮ್ಯಾಲೆ ಉಳಿದವರದು. ತತ್ತಿ ಒಂದಿನ ನಿಮಗ, ಒಂದಿನ ಆಕಿಗೆ.”

ಭಾಬಿ ತಲೆಯಾಡಿಸಿದಳು, ಆದರೆ ಮಾಡುವವಳಲ್ಲ ಎಂಬುದು ನನಗೆ ಗೊತ್ತಿತ್ತು. ಗಂಡಸರಿಗಿಂತ ಮೊದಲು ಉಣ್ಣು ಎಂದರೆ ಆ ಕಾಲದ ಯಾವ ಹೆಂಗಸೂ ಕೇಳುತ್ತಿರಲಿಲ್ಲ. ಕೇಳುವ ಹಾಗೆ ಮಾಡಿದ್ದು ಬೇರೆಯೇ ಒಂದು ಸಂಗತಿ.

ಗಡುವು ಮುಗಿಯಲು ವಾರವಿತ್ತು. ಎರಡನೆಯ ತಿಂಗಳು ತೂಕ ಮೊದಲಿನಷ್ಟು ಬೇಗ ಇಳಿಯಲಿಲ್ಲ. ಅದು ಯಾವಾಗಲೂ ಹಾಗೆಯೇ. ಇಲಾಖೆಯ ವೈದ್ಯರು ಹೇಳಿದ ಅಂಕಿ ಇನ್ನೂ ದೂರವಿತ್ತು. ದಸ್ತಗೀರಣ್ಣ ಹೆಂಡತಿಯ ಜೊತೆ ಬಂದವನು ತೂಕದ ಯಂತ್ರದಿಂದ ಇಳಿದು ಹೇಳಿದ: “ಬಾಯಾರ, ಬರೇ ಒಂದ ವಾರ ಸವತಿಕಾಯಿ ಮ್ಯಾಲೆ ಇರ್ತೀನಿ. ಆ ಮ್ಯಾಲೆ ನೀವ ಹೇಳಿದಂಗ.”

“ತಪಾಸಣಿ ದಿನಾನ ಅಲ್ಲೇ ಕಣ್ಣ ಕತ್ತಲಿ ಬಂದ್ರ?”

“ಬರಂಗಿಲ್ರಿ. ಹದಿನೆಂಟ ವರ್ಷ ಆತು ಸ್ಟಿಯರಿಂಗ್ ಹಿಡದು. ಡಿಪೋದಾಗ ಕಸಬರಗಿ ಹಿಡೀಲಿ?”

ನಾನು ಎಷ್ಟು ಹೇಳಿದರೂ ಅವನ ಹಟ ಸಡಿಲಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಭಾಬಿ ಸೆರಗು ಸರಿಮಾಡಿಕೊಂಡು ಎದ್ದಳು.

“ಆಗಲಿ. ನೀವ ಸವತಿಕಾಯಿ ತಿನ್ರಿ. ನಾನೂ ಅದನ್ನ ತಿಂತೀನಿ.”

“ನಿನಗ ಯಾಕ ಬೇಕ ಅದು? ಮೈಯಾಗ ರಕ್ತ ಇಲ್ಲ ಅಂದಾರ.”

“ನಿಮಗ ಬ್ಯಾಡಾದದ್ದು ನನಗ ಯಾಕ ಬೇಕು? ನೀವ ವಾಟಗಾ ತುಂಬಿದ್ರ ನಂದೂ ತುಂಬತೈತಿ. ನಿಮ್ಮದು ಖಾಲಿ ಇದ್ರ ನಂದೂ ಖಾಲಿ.”

ಅವಳ ದನಿ ಏರಿರಲಿಲ್ಲ. ದಸ್ತಗೀರಣ್ಣ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ತಜ್ಞರು ಬಾಯಿ ಬಿಡಬಾರದು. ಅವನು ಟೊಪ್ಪಿಗೆ ಹಾಕಿಕೊಂಡ. “ನಡಿ. ಹುರಳಿ ತಗೊಂಡ ಹೋಗೋಣು” ಎಂದ.

ತಪಾಸಣೆಯ ದಿನ ಅವನ ತೂಕ ಹೇಳಿದ ಅಂಕಿಗಿಂತ ಹೆಚ್ಚೇ ಇತ್ತು. ಆದರೆ ಬಿ.ಪಿ. ಸರಿಯಾಗಿತ್ತು. ಮೂರು ಸಲ ಅಳೆದರಂತೆ. ಮೆಟ್ಟಿಲು ಹತ್ತಿಸಿ ಇಳಿಸಿದರು, ಉಸಿರು ಕಟ್ಟಲಿಲ್ಲ. “ಹೆಂಗ ಇಳಿಸಿದಿ?” ಎಂದು ಇಲಾಖೆಯ ವೈದ್ಯರು ಕೇಳಿದಾಗ, “ಉಂಡು ಇಳಿಸೀನ್ರಿ ಸಾಹೇಬ್ರ” ಎಂದನಂತೆ. ಆರು ತಿಂಗಳ ನಂತರ ಮತ್ತೆ ಬರಬೇಕೆಂಬ ಷರತ್ತಿನ ಮೇಲೆ ಸ್ಟಿಯರಿಂಗ್ ವಾಪಸು ಕೊಟ್ಟರು.

ಸುದ್ದಿ ಕೇಳಿದ ಇನಾಮದಾರರು ನನ್ನನ್ನು ಕರೆದು, “ಇನ್ನ ಮ್ಯಾಲೆ ತೂಕದ ಪೇಶಂಟ್ ಯಾರ ಬಂದ್ರೂ ಮೊದಲ ನಿಮ್ಮ ಕೋಣೆ, ಆಮ್ಯಾಲೆ ನಂದು” ಎಂದರು. ಹೊಗಳಿಕೆ ಅವರ ಜಾಯಮಾನವಲ್ಲ. ನನಗೆ ಅಷ್ಟು ಸಾಕಿತ್ತು.

ಅಂದಿನಿಂದ ನಾನು ಯಾವ ರೋಗಿಯನ್ನೂ ಒಂಟಿಯಾಗಿ ಕೂಡಿಸಿಕೊಂಡು ಪಥ್ಯ ಹೇಳಲಿಲ್ಲ. ಅಡುಗೆ ಮಾಡುವವರು ಜೊತೆಗೆ ಬರಲೇಬೇಕು. ಅವರಿಗೆ ಕೇಳುವ ಮೊದಲ ಪ್ರಶ್ನೆ, ರೋಗಿಗೆ ಏನು ಮಾಡಿ ಹಾಕುತ್ತೀರಿ ಎಂದಲ್ಲ, ನೀವು ಏನು ಉಣ್ಣುತ್ತೀರಿ ಎಂದು. ಈಗ ನಿಮ್ಮ ಹತ್ತಿರ ಕಂಪ್ಯೂಟರಿದೆ. ಪ್ರೋಟೀನ್ ಇಷ್ಟು, ಪಿಷ್ಟ ಇಷ್ಟು, ಕೊಬ್ಬು ಇಷ್ಟು ಎಂದು ಕ್ಷಣದಲ್ಲಿ ಹೇಳುತ್ತದೆ. ಒಳ್ಳೆಯದೇ, ನಾನು ಬೆರಳು ಮಡಚಿ ಮಾಡುತ್ತಿದ್ದೆ. ಆದರೆ ಆ ಪ್ರೋಟೀನು ಮನೆಯಲ್ಲಿ ಯಾರ ತಾಟಿನಿಂದ ಬರುತ್ತಿದೆ ಎಂಬುದನ್ನು ನೀವೇ ಹೋಗಿ ನೋಡಬೇಕು.

ಆ ವರ್ಷದ ಚಳಿಗಾಲದಲ್ಲಿ ಶಮಶಾದ್ ಭಾಬಿ ಎರಡನೆಯ ಸಲ ರಕ್ತ ಪರೀಕ್ಷೆಗೆ ಬಂದಳು. ಗಂಡನ ಗಾಡಿಯಲ್ಲೇ ಬಂದಿದ್ದಳು. ಗಾಡಿ ನಿಪ್ಪಾಣಿಗೆ ಹೋಗಿ ತಿರುಗಿ ಬರುವವರೆಗೂ ಪುರುಸೊತ್ತು. ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿ ಬಂದು ನನ್ನ ಎದುರು ಕುಳಿತಳು. ಮುಖದಲ್ಲಿ ಬಣ್ಣ ಬಂದಿತ್ತು.

“ಇವತ್ತ ಏನ್ ಉಂಡ ಬಂದ್ರಿ ಭಾಬಿ?”

ಅವಳು ಬೆರಳು ಮಡಚಿ ಹೇಳತೊಡಗಿದಳು. ಎರಡು ಭಕ್ಕರಿ. ಒಂದು ವಾಟಗಾ ಹುರಳಿ, ಗಟ್ಟೀದು. ಮೆಂತೆಪಲ್ಲೆ. ಒಂದು ತತ್ತಿ. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಂಡದ್ದಂತೆ. ಅವಳ ತಾಟು ಬರುವವರೆಗೆ ದಸ್ತಗೀರಣ್ಣ ಯಾರಿಗೂ ತುತ್ತು ಎತ್ತಲು ಬಿಡುವುದಿಲ್ಲವಂತೆ. ಹೇಳಿ ಮುಗಿಸಿ, ಮಾಡಬಾರದ್ದೇನೋ ಮಾಡಿದವಳ ಹಾಗೆ ಸೆರಗಿನ ಮರೆಯಲ್ಲಿ ನಕ್ಕು, ದನಿ ತಗ್ಗಿಸಿ ಹೇಳಿದಳು:

“ಬಿಸೀದ್ರಿ, ಬಾಯಾರ. ಲಗ್ನ ಆದಾಗಿಂದ ಮೊದಲನೇ ಸಲ, ದಿನಾ ಬಿಸೀದ ಉಣ್ಣಾಕತ್ತೀನಿ.”